ಮೇಕಪ್ಪಿನ ಸಾಲು

ಕಾಲೇಜಿನ ಮೆಟ್ಟಿಲ ಪಕ್ಕದ ಗೋಡೆಗೆ ಅವಳು ಅಂಟಿಸುತ್ತಿದ್ದ ಪೋಸ್ಟರಿನ ಮೂಲೆ ಹಟ ಹಿಡಿದಂತೆ ಬಿಟ್ಟುಕೊಂಡು ಮುಂದಕ್ಕೆ ಬಾಗುತ್ತಿತ್ತು. ಒತ್ತಿದರೆ ಕೂರುತ್ತದೆ, ಕೈ ತೆಗೆದರೆ ಏಳುತ್ತದೆ. ಅಂಗೈಯಿಂದ ಒಮ್ಮೆ ಅಗಲಕ್ಕೆ ಸವರಿಬಿಟ್ಟಿದ್ದರೆ ಕಚ್ಚಿಕೊಳ್ಳುವ ಕಾಗದವೇ. ಆದರೆ ಅಂಗೈ ಇಡಬೇಕಾದ ಜಾಗದಲ್ಲಿ ಅಕ್ಕನ ಕೆನ್ನೆಯಿತ್ತು. ಅದನ್ನು ತಪ್ಪಿಸಿ ಬೆರಳ ತುದಿಯಿಂದ ಅಂಚನ್ನಷ್ಟೇ ಒತ್ತುತ್ತಾ, ತಾನು ಮಾಡುತ್ತಿರುವುದು ನಾಜೂಕೋ ಹೇಡಿತನವೋ ತಿಳಿಯದೆ ಅವಳು ಹಲ್ಲು ಕಚ್ಚಿದಳು. ಕಾಗದಕ್ಕೇನು ನೋಯುತ್ತದೆ? ನಿಜವಾದ ಕೆನ್ನೆ ನೋಯುತ್ತಿದ್ದಾಗ ಅವಳು ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ಕೂತು ಪರೀಕ್ಷೆಗೆ ಓದಿದ್ದಳು. ಒಳಗಿನಿಂದ ಬರುತ್ತಿದ್ದ ನರಳಿಕೆ ಬೇರೆ ಯಾರದೋ ಇರಬೇಕು ಎಂದುಕೊಂಡು ಪುಟ ತಿರುಗಿಸಿದ್ದಳು. ಪಾಸೂ ಆಗಿದ್ದಳು.

ಪೋಸ್ಟರಿನ ಮುಕ್ಕಾಲು ಭಾಗ ಕತ್ತಲೆ. ಕತ್ತಲೆಯೊಳಗಿಂದ ಅರ್ಧ ಹೊರಬಂದ ಹೆಣ್ಣಿನ ಮುಖ. ಎಡಗಡೆಯ ಚರ್ಮ ಕರಗಿ ಹರಿದು ಮತ್ತೆ ಹೆಪ್ಪುಗಟ್ಟಿದಂತೆ, ಕಣ್ಣಿನ ಕೆಳರೆಪ್ಪೆ ಜಗ್ಗಿಕೊಂಡು, ತುಟಿಯ ಕೊನೆ ಮೇಲಕ್ಕೆ ಸೆಳೆದುಕೊಂಡು. ಕೆಳಗೆ ಕೆಂಪಕ್ಷರದಲ್ಲಿ ‘ಮಂಚದ ಕೆಳಗೆ’. ಅದರ ಕೆಳಗೆ ‘ಶೀಘ್ರದಲ್ಲೇ’. ಅದೊಂದು ಶುದ್ಧ ಸುಳ್ಳು, ಏಕೆಂದರೆ ಸಿನಿಮಾ ಎನ್ನುವುದು ಇರಲೇ ಇಲ್ಲ. ಮೇಡಂ ಕೊಟ್ಟ ಕೆಲಸ ಬರೀ ಟ್ರೈಲರು, ಒಂದು ಪೋಸ್ಟರು, ಒಂದು ಸಿನಿಮಾ ಪತ್ರಿಕೆಯ ಮುಖಪುಟ. ಇಲ್ಲದ ಸಿನಿಮಾಕ್ಕೆ ಇಲ್ಲದ ಜನರನ್ನು ಹೆದರಿಸಿ ಕರೆಯುವುದನ್ನು ಕಲಿಯುವುದೇ ಆ ವರ್ಷದ ಓದು. ಎಲ್ಲಕ್ಕಿಂತ ಕೆಳಗೆ, ಯಾರೂ ಓದದ ಉದ್ದುದ್ದ ತೆಳು ಅಕ್ಷರಗಳಲ್ಲಿ, ಯಾರು ಏನು ಮಾಡಿದರೆಂಬ ಸಾಲುಗಳು. ಸಂಕಲನ ಎಂಬಲ್ಲಿ ಅವಳ ಹೆಸರು. ಅದು ಸರಿ, ಅದಕ್ಕೇ ಕ್ಲಾಸಿನಲ್ಲಿ ಅವಳನ್ನು ಎಲ್ಲರೂ ಕತ್ತರಿ ಎನ್ನುತ್ತಿದ್ದರು. ಮೇಕಪ್ ಎಂಬಲ್ಲಿಯೂ ಅವಳ ಹೆಸರು.

ಮೆಟ್ಟಿಲಿಳಿಯುತ್ತಿದ್ದ ಮೊದಲ ವರ್ಷದ ಹುಡುಗಿಯರಿಬ್ಬರು ನಿಂತರು. “ಅಯ್ಯಪ್ಪ, ಇವಳನ್ನ ನೋಡೇ. ಇನ್ನು ರಾತ್ರಿ ನೀರಿಗೆ ಏಳೋದಕ್ಕೂ ಹೆದರಿಕೆ.” ಇನ್ನೊಬ್ಬಳು ಮೂಗು ತಾಗುವಷ್ಟು ಹತ್ತಿರ ಹೋದಳು. “ಕತ್ತರಿ ಅಕ್ಕ, ಇದು ಮುಖವಾಡನಾ?”

“ಅಲ್ಲ.”

“ಮತ್ತೆ?”

“ಮೇಕಪ್ಪು.”

“ಏನ್ ಕೈ ಅಕ್ಕ ನಿಮ್ಮದು. ಮುಟ್ಟಿದ್ರೆ ಬೆರಳಿಗೆ ಮೆತ್ಕೊಳ್ಳೋ ಹಾಗಿದೆ.”

ಸಂಜೆ ಸಭಾಂಗಣದಲ್ಲಿ ಎಲ್ಲ ಗುಂಪುಗಳ ಟ್ರೈಲರ್ ತೋರಿಸುವವರಿದ್ದರು. ಮೇಕಪ್ಪಿನ ಬಹುಮಾನ ಯಾರಿಗೆ ಎಂಬುದರಲ್ಲಿ ಅನುಮಾನವೇ ಬೇಡ ಎಂದು ಮೇಡಂ ಹಿಂದಿನ ದಿನವೇ ಕಣ್ಣಲ್ಲಿ ನಕ್ಕಿದ್ದರು. ಮತ್ತು ಅದೇ ಸಂಜೆ ಅಕ್ಕ ಬರುತ್ತೇನೆಂದು ಕೂತಿದ್ದಳು. ಎರಡೂ ಒಂದೇ ಸೂರಿನಡಿ ಆಗುವಂತಿರಲಿಲ್ಲ. ಆ ಮುಖ ಆ ಬಾಗಿಲಿನಿಂದ ಒಳಗೆ ಬಂದ ಕ್ಷಣಕ್ಕೆ ತಾನು ಕಳ್ಳಿ. ಅಷ್ಟೇ ಆದರೆ ಹಾಳಾಗಿ ಹೋಗಲಿ, ಆ ಮುಖದ ತಂಗಿಯೂ ಹೌದು ಎಂಬುದು ಇಡೀ ಕಾಲೇಜಿಗೆ ತಿಳಿಯುತ್ತದೆ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರುತ್ತಿದ್ದೇನೆ ಎಂದು ತನ್ನನ್ನೇ ಕೇಳಿಕೊಂಡಾಗ ಸಿಕ್ಕ ಉತ್ತರ ಅವಳ ನಾಲಿಗೆಯ ಮೇಲೆ ಅಂಟಿನ ರುಚಿಯಂತೆ ಕೂತಿತು.

ಮೊದಲು ಬೇಕಾಗಿದ್ದದ್ದು ಹಾಸು ಬಟ್ಟೆಗಳು ಮಾತ್ರ. ಮಂಚದ ಸುತ್ತ ಇಳಿಬಿಡಲು ಬಿಳಿ ಹಾಸು ಬೇಕು ಎಂದು ಡೈರೆಕ್ಟರ್ ಅಂದಿದ್ದ. ಅವನೂ ಸಹಪಾಠಿಯೇ, ಆದರೆ ಕ್ಯಾಮೆರಾ ಅವನ ಮಾವನದಾದ್ದರಿಂದ ಡೈರೆಕ್ಟರ್ ಆಗಿದ್ದ. “ನಿಮ್ಮ ಅಕ್ಕ ಹೋಟೆಲಲ್ಲಿ ಇದ್ದಾಳಲ್ವಾ, ತರಿಸು” ಎಂದ. ಅಕ್ಕ ಹೋಟೆಲಿನಲ್ಲಿದ್ದಾಳೆ ಎಂದು ಹೇಳಿದವಳು ಅವಳೇ. ಅದು ಪೂರಾ ಸುಳ್ಳೇನೂ ಅಲ್ಲ. ಊರಿನ ಹೋಟೆಲುಗಳ, ಆಸ್ಪತ್ರೆಗಳ ಹಾಸು ಹೊದಿಕೆಗಳೆಲ್ಲ ಬಂದು ಬೀಳುವ ದೊಡ್ಡ ಲಾಂಡ್ರಿಯಲ್ಲಿ ಅಕ್ಕ ಇದ್ದಳು. ಬಾಯ್ಲರಿನಿಂದ ಬರುವ ಆವಿಯ ಕೊಳವೆ ಬೆಸುಗೆ ಬಿಟ್ಟಿದೆ, ಸುಯ್ಯೆನ್ನುತ್ತಿದೆ ಎಂದು ಅಲ್ಲಿನ ಹೆಂಗಸರು ಹೇಳಿ ಹೇಳಿ ಸೋತಿದ್ದರು. ಅದು ಒಡೆದ ದಿನ ಎದುರಿಗಿದ್ದವಳು ಅಕ್ಕ. ‘ಅವಳೇ ಹತ್ತಿರ ಹೋಗಿ ಬಗ್ಗಿದಳು’ ಎಂದರು ಯಜಮಾನರು. ಬಗ್ಗದೆ ಬುಟ್ಟಿ ಎತ್ತುವುದು ಹೇಗೆ ಎಂದು ಅವರನ್ನು ಕೇಳಬೇಕಾದವರು ಯಾರೂ ಕೇಳಲಿಲ್ಲ. ವಾಸಿಯಾದ ಮೇಲೆ ಅಕ್ಕನನ್ನು ಮತ್ತೆ ಕೆಲಸಕ್ಕೆ ಕರೆದರು. ಗಿರಾಕಿಗಳು ಬರುವ ಮುಂಗಟ್ಟಿಗಲ್ಲ, ಹಿಂದಿನ ಮಡಿಸುವ ಕೋಣೆಗೆ. ಅದನ್ನು ಉಪಕಾರ ಎಂದರು. ಅಮ್ಮನೂ ಹಾಗೇ ಅಂದಳು. ಅವಳೂ ಹಾಗೇ ನಂಬಿದ್ದಳು, ಏಕೆಂದರೆ ಆ ಉಪಕಾರದಲ್ಲಿ ಅವಳ ಕಾಲೇಜಿನ ಫೀಸೂ ಇತ್ತು.

ಚಿತ್ರೀಕರಣದ ದಿನ ಹಾಸುಗಳ ಗಂಟನ್ನು ಯಾರ ಕೈಲಾದರೂ ಕಳಿಸು ಎಂದು ಹೇಳಿದ್ದರೂ ಅಕ್ಕ ತಾನೇ ಹೊತ್ತು ತಂದಳು. ಹಳೆ ಬೆಂಚುಗಳನ್ನು ರಾಶಿ ಹಾಕಿದ್ದ ಆ ಉಗ್ರಾಣದ ಬಾಗಿಲಲ್ಲಿ, ಪಕ್ಕದಿಂದ ಬೀಳುತ್ತಿದ್ದ ಒಂದೇ ದೀಪದ ಬೆಳಕಿನಲ್ಲಿ, ಗಂಟು ಹಿಡಿದು ನಿಂತಳು. ಕ್ಯಾಮೆರಾಗೆ ಕಣ್ಣು ಹಚ್ಚಿದ್ದ ಡೈರೆಕ್ಟರ್ ಉಸಿರು ಬಿಡದೆ, “ಅಲ್ಲೇ ನಿಂತಿರಿ, ಅಲ್ಲಾಡಬೇಡಿ” ಎಂದ. ಬಹುವಚನ ಕೇಳಿ ಎಷ್ಟೋ ಕಾಲವಾಗಿದ್ದ ಅಕ್ಕ ಅದನ್ನು ಮರ್ಯಾದೆ ಎಂದೇ ತಿಳಿದು ನೆಟ್ಟಗಾದಳು. ಆಮೇಲೆ ಅವನು ಇವಳ ಕಿವಿಯ ಹತ್ತಿರ ಬಗ್ಗಿ, “ಯಾರೇ ಇದು? ಮೇಕಪ್ ಯಾರು ಮಾಡಿದ್ದು?” ಎಂದ. ಕೋಣೆಯಲ್ಲಿ ಇಡೀ ಗುಂಪು ಇತ್ತು. ಎಲ್ಲರ ಕಣ್ಣೂ ಬಾಗಿಲ ಕಡೆ. ನಮ್ಮ ಅಕ್ಕ ಎಂಬ ಎರಡು ಪದ ಹೇಳಹೊರಟವಳ ಬಾಯಿಂದ ಹೊರಬಿದ್ದದ್ದು, “ನಾನೇ. ಗೊತ್ತಿರೋರು ಇವರು” ಎಂಬ ಮಾತು. ಪಿಸುಮಾತೇ. ಅಕ್ಕನಿಗೆ ಕೇಳಿಸುವಷ್ಟಲ್ಲ. ಆದರೂ ಆ ಕ್ಷಣ ಅಕ್ಕ ಇತ್ತಲೇ ನೋಡಿ ನಕ್ಕಳು.

“ಏನಾದರೂ ಮಾತಾಡಿ, ಮಗುನ ಕರೆದ ಹಾಗೆ” ಎಂದ ಡೈರೆಕ್ಟರ್. ಅಕ್ಕ ಸ್ವಲ್ಪ ಯೋಚಿಸಿ, ಕ್ಯಾಮೆರಾವನ್ನಲ್ಲ, ಅದರ ಪಕ್ಕದಲ್ಲಿದ್ದ ಇವಳನ್ನೇ ನೋಡುತ್ತಾ ಕರೆದಳು. “ಬಾ ಮರಿ, ಊಟ ಆರಿಹೋಗತ್ತೆ. ಎಷ್ಟು ಅಂತ ಓದ್ತೀಯ, ಕಣ್ಣು ಹೋಗತ್ತೆ.” ದಿನಾ ಸಂಜೆ ಆಡುವ ಮಾತು. ಆಡಿ ಮುಗಿಸಿ, ಆಡಿದ್ದಕ್ಕೆ ನಾಚಿ, ನಕ್ಕಳು. ಸಂಕಲನದ ಕೋಣೆಯಲ್ಲಿ ಇವಳು ಆ ಮಾತನ್ನು ಹಿಂದುಮುಂದಾಗಿ ಓಡಿಸಿ ನಿಧಾನ ಮಾಡಿದಾಗ ಅದು ಯಾವುದೋ ಬಾವಿಯ ತಳದಿಂದ ಬರುವ ಗುರುಗುರು ಆಗಿಹೋಯಿತು. ನಗುವನ್ನು ಪೂರ್ತಿ ಬಿಡಲಿಲ್ಲ. ಅದರ ಮೊದಲ ಎಳೆ ತುಟಿಯ ಕೊನೆಯಲ್ಲಿ ಕಾಣಿಸುತ್ತಿದ್ದಂತೆ ಕತ್ತರಿಸಿ ಕಪ್ಪು ಹಾಕಿದಳು. ಪೂರ್ತಿ ನಕ್ಕರೆ ಅಕ್ಕ. ಅಷ್ಟರಲ್ಲೇ ಕತ್ತರಿಸಿದರೆ ದೆವ್ವ. ಈ ವಿದ್ಯೆ ಯಾವ ಪಾಠದಲ್ಲೂ ಇರಲಿಲ್ಲ, ಅವಳ ಕೈಗೆ ತಾನಾಗಿ ಬಂದಿತ್ತು, ಮತ್ತು ಆ ಕತ್ತರಿಕೆ ಸರಿಯಾಗಿ ಬಿದ್ದಾಗ ಅವಳಿಗೆ ಮೈ ಜುಮ್ಮೆನ್ನುವಷ್ಟು ಸಂತೋಷವಾಗಿತ್ತು. ಸಂತೋಷವಾಗಿತ್ತು ಎಂಬುದನ್ನು ಅಲ್ಲಗಳೆಯುವ ಹಾಗಿಲ್ಲ.

ಪಕ್ಕದಲ್ಲಿ ಕೂತ ಡೈರೆಕ್ಟರ್ ಆ ಮುಖವನ್ನು ನಿಲ್ಲಿಸಿ, ಹಿಗ್ಗಿಸಿ, ತುಂಬಾ ಹೊತ್ತು ನೋಡಿದ್ದ. “ಅಂಚೇ ಕಾಣಲ್ವಲ್ಲೇ. ಅಂಟಿಸಿದ್ದು ಎಲ್ಲಿ ಮುಗಿಯತ್ತೆ, ಚರ್ಮ ಎಲ್ಲಿ ಶುರುವಾಗತ್ತೆ ಅಂತ ಗೊತ್ತೇ ಆಗಲ್ಲ.”

“ಚೆನ್ನಾಗಿ ಮಾಡಿದ್ದೀನಿ.”

“ಹ್ಞೂ,” ಎಂದ ಅವನು, ಪರದೆಯಿಂದ ಕಣ್ಣು ತೆಗೆಯದೆ. “ತುಂಬಾನೇ ಚೆನ್ನಾಗಿ ಮಾಡಿದ್ದೀಯ.” ಆಮೇಲೆ ಪೋಸ್ಟರಿನ ಕೆಳಗೆ ಮೇಕಪ್ಪಿನ ಸಾಲನ್ನು ತಾನೇ ಕೂತು ಟೈಪು ಮಾಡಿದ. ಅವನಿಗೆ ಗೊತ್ತಿತ್ತು. ಅವನಿಗೆ ಗೊತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಇಬ್ಬರಿಗೂ ಅಂಕಗಳು ಬೇಕಾಗಿದ್ದವು.

ಪೋಸ್ಟರಿನ ಮೂಲೆಯನ್ನು ಹಾಗೇ ಬಿಟ್ಟು ಅವಳು ಮಧ್ಯಾಹ್ನ ಲಾಂಡ್ರಿಗೆ ಹೋದಳು. ಹಿಂದಿನ ಬಾಗಿಲಲ್ಲಿ ಬಿಸಿ ಗಾಳಿ ಎದೆಗೆ ಗುದ್ದಿತು. ಒಳಗೆ ಹೆಂಗಸರು ಸಾಲಾಗಿ ನಿಂತು ಮಡಿಸುತ್ತಿದ್ದರು. ಇಸ್ತ್ರಿ ಹಾಕುವ ದಪ್ಪ ಹೆಂಗಸು ಇವಳನ್ನು ಕಂಡವಳೇ ದನಿ ಎತ್ತಿದಳು.

“ಬಂದ್ಲು ನೋಡ್ರೇ ಹೀರೋಯಿನ್ ತಂಗಿ. ನಮಗೂ ಒಂದು ಪಾರ್ಟು ಕೊಡಿಸಮ್ಮಾ. ಬರೀ ಬೆನ್ನು ತೋರಿಸಿದ್ರೂ ಸಾಕು, ನನ್ನ ಮುಖಕ್ಕಿಂತ ಬೆನ್ನೇ ವಾಸಿ.”

“ನಿನ್ನ ಬೆನ್ನು ಹಿಡಿಸೋವಷ್ಟು ಪರದೆ ಇನ್ನೂ ಯಾರೂ ಹೊಲಿದಿಲ್ಲ ಬಿಡು” ಎಂದಳು ಅಕ್ಕ. ಎಲ್ಲರೂ ನಕ್ಕರು. ಅಕ್ಕ ಹಾಸಿನ ಒಂದು ತುದಿಯನ್ನು ಇವಳ ಕಡೆ ಎಸೆದಳು. ಮನೆಯಲ್ಲಿ ಮಾಡುವ ಹಾಗೆ ಇವಳೂ ಯೋಚಿಸದೆ ಹಿಡಿದಳು. ಇಬ್ಬರೂ ದೂರ ನಿಂತು ಝಾಡಿಸಿದರು, ಎಳೆದು ಹಿಡಿದರು, ಮಡಿಕೆಗಾಗಿ ಒಬ್ಬರ ಕಡೆಗೊಬ್ಬರು ನಡೆದರು.

“ಅಕ್ಕಾ, ಇವತ್ತು ಇಲ್ಲ. ಮುಂದಕ್ಕೆ ಹಾಕಿದ್ದಾರೆ.”

“ಹೌದಾ?”

“ಹಾಲ್‌ನಲ್ಲಿ ಕರೆಂಟು ಹೋಗಿದೆ. ಯಾವಾಗ ಅಂತ ಆಮೇಲೆ ಹೇಳ್ತಾರಂತೆ.”

ಮತ್ತೆ ಹಿಂದೆ ಸರಿದರು, ಮತ್ತೆ ಎಳೆದರು, ಮತ್ತೆ ಹತ್ತಿರ ಬಂದರು. ಪ್ರತಿ ಮಡಿಕೆಗೂ ಅಕ್ಕನ ಮುಖ ದೊಡ್ಡದಾಗುತ್ತಾ ಬಂತು. ಅವಳು ಅದರ ಬಲಗಡೆಯನ್ನೇ ನೋಡುತ್ತಿದ್ದಳು, ಅಭ್ಯಾಸವಾಗಿತ್ತು. ಕೊನೆಯ ಮಡಿಕೆಯಲ್ಲಿ ಬೆರಳುಗಳು ತಾಗಿದಾಗ ಅಕ್ಕ ಹಾಸನ್ನು ತನ್ನ ಕೈಗೆ ತೆಗೆದುಕೊಂಡು, “ಸರಿ ಬಿಡು. ಸಂಜೆ ರಜಾ ಬೇರೆ ಕೇಳಿಬಿಟ್ಟಿದ್ದೆ” ಎಂದಳು. ಅಷ್ಟೇ. ಇಸ್ತ್ರಿಯ ಹೆಂಗಸು ಮಾತ್ರ ಕಿಟಕಿಯ ಮೇಲಿಟ್ಟಿದ್ದ ತನ್ನ ಮೊಬೈಲನ್ನು ಬೋರಲು ಹಾಕಿದಳು. ವಾಪಸು ಬರುವ ಬಸ್ಸಿನಲ್ಲಿ ಇವಳಿಗೆ ಅದು ನೆನಪಾಯಿತು. ಆದರೆ ಬಸ್ಸು ತುಂಬಿತ್ತು, ನಿಲ್ದಾಣ ಬಂತು, ಇಳಿದಳು.

ಸಂಜೆ ಸಭಾಂಗಣದ ದೀಪಗಳಾರಿದವು. ಬೇರೆ ಗುಂಪುಗಳ ಟ್ರೈಲರುಗಳಲ್ಲಿ ಟೊಮೆಟೊ ಸಾಸಿನ ರಕ್ತ ಹರಿಯಿತು, ಜನ ಸಿಳ್ಳೆ ಹೊಡೆದರು. ಇವರದು ಬಂದಾಗ ಸಿಳ್ಳೆ ನಿಂತುಹೋಯಿತು. ಬಿಳಿ ಹಾಸು, ಮಂಚ, ಬಾಗಿಲು, ಆ ಗುರುಗುರು, ಮುಖ, ನಗುವಿನ ಎಳೆ, ಕಪ್ಪು. ಯಾರೋ ನಿಜಕ್ಕೂ ಕಿರುಚಿದರು. ಆಮೇಲೆ ಚಪ್ಪಾಳೆ ಗೋಡೆಗಳನ್ನು ಅಲ್ಲಾಡಿಸಿತು. ಅತಿಥಿಯಾಗಿ ಬಂದಿದ್ದವರು ಜಾಹೀರಾತು ಚಿತ್ರ ತೆಗೆಯುವವರು; ಅವರು ಮೈಕು ಹಿಡಿದು, ಮೇಕಪ್ ಮಾಡಿದ ಕಲಾವಿದೆ ವೇದಿಕೆಗೆ ಬರಲಿ ಎಂದರು. ಅವಳು ಹತ್ತಿದಳು. ಕೈಗೆ ಫಲಕ ಬಂತು, ಮೈಕೂ ಬಂತು.

“ಎಷ್ಟು ಹೊತ್ತು ಹಿಡೀತಮ್ಮಾ ಇಷ್ಟು ಮಾಡೋಕೆ?”

ಒಂದು ಕ್ಷಣ, ಎಂದುಕೊಂಡಳು. ಕೊಳವೆ ಒಡೆಯಲು ಎಷ್ಟು ಹೊತ್ತು ಬೇಕು. “ಅರ್ಧ ದಿನ ಸರ್” ಎಂದಳು.

ಅದೇ ಹೊತ್ತಿಗೆ ಸಭಾಂಗಣದ ದೀಪಗಳು ಹೊತ್ತಿಕೊಂಡವು. ಹಿಂದಿನ ಬಾಗಿಲ ಹತ್ತಿರ, ಕುರ್ಚಿ ಸಿಗದೆ ಗೋಡೆಗೊರಗಿ, ಹಬ್ಬಕ್ಕೆ ತೆಗೆದಿಟ್ಟಿದ್ದ ನೀಲಿ ಬಟ್ಟೆ ತೊಟ್ಟು, ಅಕ್ಕ ನಿಂತಿದ್ದಳು. ಕೊನೆಯ ಸಾಲಿನ ಹುಡುಗಿ ತಿರುಗಿ ನೋಡಿ ಚೀರಿದಳು. ಚೀರಾಟ ಒಂದು ಸಾಲಿನಿಂದ ಇನ್ನೊಂದಕ್ಕೆ ಹತ್ತಿ, ಹತ್ತುತ್ತಿದ್ದಂತೆ ನಗುವಾಗಿ, ನಗು ಚಪ್ಪಾಳೆಯಾಯಿತು. “ಅವಳೇ ಕಣ್ರೋ. ಮೇಕಪ್ಪಲ್ಲೇ ಬಂದಿದ್ದಾಳೆ.” ಮೇಡಂ ಡೈರೆಕ್ಟರನ ಭುಜ ತಟ್ಟಿ, “ಪ್ರಚಾರಕ್ಕೆ ಕರೆಸಿದ್ದೀರಾ? ಎಂಥ ತಲೆನಯ್ಯ ನಿಂದು” ಎಂದರು. ಅವನು ವೇದಿಕೆಯತ್ತ ಒಮ್ಮೆ ನೋಡಿದ. “ಹೌದು ಮೇಡಂ” ಎಂದ.

ಹುಡುಗ ಹುಡುಗಿಯರು ಮೊಬೈಲು ಎತ್ತಿಕೊಂಡು ಅಕ್ಕನನ್ನು ಮುತ್ತಿದರು. ಭುಜಕ್ಕೆ ಭುಜ ತಾಗಿಸಿ, ನಾಲಿಗೆ ಹೊರಹಾಕಿ, ಕಣ್ಣು ಅಗಲಿಸಿ ಫೋಟೋ ತೆಗೆದುಕೊಂಡರು. ವೇದಿಕೆಯ ಮೇಲೆ ತಂಗಿಯ ಕೈಯಲ್ಲಿ ಇನ್ನೂ ಮೈಕಿತ್ತು. ಬಾಯಿ ತೆರೆದರೆ ಸಾಕು, ಆ ಎರಡು ಪದ ಇಡೀ ಸಭಾಂಗಣಕ್ಕೆ ಕೇಳುತ್ತಿತ್ತು. ಮೈಕಿನ ಜಾಲರಿಯ ಮೇಲೆ ಹಿಂದೆ ಮಾತಾಡಿದವರ ಎಂಜಲಿನ ವಾಸನೆ ಇತ್ತು. ಬೆಳಿಗ್ಗೆ ಮೆಟ್ಟಿಲ ಹತ್ತಿರ ಕಂಡಿದ್ದ ಹುಡುಗಿ ಕೈ ಚಾಚಿ ಕೇಳುತ್ತಿದ್ದಳು. “ಆಂಟಿ, ಒಂದೇ ಒಂದ್ಸಲ ಮುಟ್ಟಿ ನೋಡ್ಲಾ?”

ಅಕ್ಕ ಎಲ್ಲರ ತಲೆಗಳ ಮೇಲಿಂದ ವೇದಿಕೆಯನ್ನು ನೋಡಿದಳು. ಕಾದಳು. ನಿಜವಾಗಿ ಕಾದಳು, ಅದರಲ್ಲಿ ಸಂಶಯವಿರಲಿಲ್ಲ. ವೇದಿಕೆಯಿಂದ ಏನೂ ಬರಲಿಲ್ಲ.

“ಮುಟ್ಟು” ಎಂದಳು ಅಕ್ಕ.

“ಅಬ್ಬಾ, ನಿಜವಾದ ಚರ್ಮದ ಹಾಗೇ ಇದೆ. ಬೆಚ್ಚಗಿದೆ ಕಣ್ರೇ.”

“ಅಲ್ಲಿ ನಿಂತಿದ್ದಾಳಲ್ಲ, ಅವಳು ಮಾಡಿದ್ದು.”

“ತೆಗೆಯೋದು ಕಷ್ಟನಾ ಆಂಟಿ?”

“ಏನಿಲ್ಲ. ಮನೆಗೆ ಹೋಗಿ ತೊಳ್ಕೋತೀನಿ.”

ಅತಿಥಿಗೆ ಹೊಸದೊಂದು ಹೊಳೆಯಿತು. ಪತ್ರಿಕೆಯ ಮುಖಪುಟ ಇನ್ನೂ ಆಗಿಲ್ಲ ತಾನೇ? ಹಾಗಾದರೆ ಮುಖಪುಟದಲ್ಲಿ ಒಂದೇ ಮುಖ ಹಾಕಿ. ಅರ್ಧ ಮೇಕಪ್ಪಿನ ಮೊದಲಿನದು, ಅರ್ಧ ಆಮೇಲಿನದು. ಮೇಡಂ ಹಿಗ್ಗಿಹೋದರು. “ಬರ್ತೀರಾ ಅಲ್ವಾ ಒಂದಿನ, ಮೇಕಪ್ ಇಲ್ದೆ?” ಎಂದು ಅಕ್ಕನನ್ನು ಕೇಳಿದರು.

“ಅವಳನ್ನೇ ಕೇಳಿ ಮೇಡಂ” ಎಂದಳು ಅಕ್ಕ. “ಮಾಡಿದವಳು ಅವಳಲ್ವಾ.”

ಬೆಳಕಿರುವಾಗಲೇ ಇಬ್ಬರೂ ಹೊರಟರು. ಬಸ್ ನಿಲ್ದಾಣದವರೆಗೆ ಅಕ್ಕ ಒಂದು ಹೆಜ್ಜೆ ಮುಂದೆಯೇ ನಡೆದಳು. ಕಂಕುಳಲ್ಲಿ ಅವುಚಿಕೊಂಡಿದ್ದ ಫಲಕದ ಮೂಲೆ ಇವಳ ಪಕ್ಕೆಗೆ ಚುಚ್ಚುತ್ತಿತ್ತು.

“ನಿನಗೆ ಯಾರು ಹೇಳಿದ್ರು ಇವತ್ತೇ ಅಂತ?”

“ನಿಮ್ಮ ಪೋಸ್ಟರೇ ಹೇಳ್ತಲ್ಲ. ಇಸ್ತ್ರಿಯವಳ ಮೊಬೈಲಿಗೆ ಅವಳ ಮಗ ಕಳಿಸಿದ್ದ. ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ ಓದಿದೆ, ನನ್ನ ಹೆಸರು ಎಲ್ಲಾದ್ರೂ ಹಾಕಿದ್ದಾರೇನೋ ಅಂತ. ನಿಂದು ಸಿಕ್ತು. ಎರಡು ಕಡೆ. ಮಧ್ಯಾಹ್ನ ನೀನು ಕರೆಂಟಿಲ್ಲ ಅಂದಾಗ ಯಾಕೆ ಅಂತ ಗೊತ್ತಾಯ್ತು.”

“ಗೊತ್ತಿದ್ದೂ ಯಾಕೆ ಬಂದೆ?”

“ನೀನು ಏನು ಮಾಡ್ತೀಯ ನೋಡೋಣ ಅಂತ.”

ಒಂದು ಬಸ್ಸು ನಿಲ್ಲದೆ ಹೋಯಿತು. 

“ಯಾಕಕ್ಕಾ ಹಾಗಂದೆ? ಮೇಕಪ್ಪು ಅಂತ.”

“ಮತ್ತೇನನ್ಬೇಕಿತ್ತು? ಅಷ್ಟು ಜನರ ಮುಂದೆ ನಮ್ಮ ಮನೆ ಹುಡುಗಿ ಸುಳ್ಳಿ ಅಂತ ಹೇಳ್ಬೇಕಿತ್ತಾ?” ಅಕ್ಕನ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. “ಯಜಮಾನ್ರು, ನೀನೇ ಬಗ್ಗಿದೆ ಅಂದ್ರು. ಡಾಕ್ಟ್ರು, ನಿನ್ನ ಹಣೆಬರಹ ಅಂದ್ರು. ಅಮ್ಮನೂ ಅದನ್ನೇ ಅಂದ್ಲು. ಈ ಮುಖನ ನಾನು ಮಾಡಿದ್ದು ಅಂತ ಒಪ್ಕೊಂಡಿದ್ದು ನೀನೊಬ್ಬಳೇ ಕಣೇ. ಅದೂ ವೇದಿಕೆ ಹತ್ತಿ.”

“ಅಕ್ಕಾ.”

“ಆ ಹುಡುಗಿ ಮುಟ್ಟಿದ್ಲಲ್ಲ. ಆಸ್ಪತ್ರೆ ಬಿಟ್ಟ ಮೇಲೆ ಈ ಕಡೆ ಯಾರೂ ಮುಟ್ಟಿರಲಿಲ್ಲ. ನೀನೂ ಮುಟ್ಟಿರಲಿಲ್ಲ. ಅವಳ ಕೈ ತಣ್ಣಗಿತ್ತು, ಹಿತವಾಗಿತ್ತು. ದೆವ್ವ ಅಂತ ಮುಟ್ಟಿದ್ಲು, ಆಗಲಿ.”

ಬಸ್ಸು ಬಂತು. ಹತ್ತುವಾಗ ಇವಳು, “ಆ ಮುಖಪುಟದ ಫೋಟೋ ಆಗಲ್ಲ ಅಂತ ನಾಳೆನೇ ಹೇಳಿಬಿಡ್ತೀನಿ” ಎಂದಳು.

“ಯಾಕೆ ಆಗಲ್ಲ?” ಅಕ್ಕ ಕಂಬಿ ಹಿಡಿದು ತಿರುಗಿ ನೋಡಿದಳು. “ನಾವಿಬ್ರೂ ಒಂದೇ ಅಚ್ಚು ಅಂತ ಎಲ್ಲರೂ ಅನ್ನೋರಲ್ಲ. ಆಮೇಲಿನದು ನಾನು ಕೊಟ್ಟಾಯ್ತು. ಮೊದಲಿನದು ನೀನು ಕೊಡು.”

ಕೊಟ್ಟಳು. ಇಲ್ಲ ಎನ್ನಲು ಒಂದು ವಾರ ಸಮಯವಿತ್ತು. ಡೈರೆಕ್ಟರ್ ತಾನಾಗಿಯೇ, “ಅವರು ಬರೋಕಾಗಲ್ಲ ಅಂತ ಮೇಡಂಗೆ ಹೇಳಿದ್ದೀನಿ. ನಿನ್ನ ಬಲಗಡೆ ಸಾಕು, ಹೊಂದಿಕೊಳ್ಳತ್ತೆ” ಎಂದ ಮೇಲೆ ಆ ಸಮಯವೂ ಬೇಕಾಗಲಿಲ್ಲ. ಬಿಳಿ ಗೋಡೆಯ ಮುಂದೆ ಸ್ಟೂಲು ಹಾಕಿದ್ದರು. ದೀಪ ಕಣ್ಣಿಗೇ ಹೊಡೆಯುತ್ತಿತ್ತು. ಮೇಡಂ ಕೈಕಟ್ಟಿ ಪಕ್ಕದಲ್ಲಿ ನಿಂತಿದ್ದರು.

“ಏನೂ ಮಾಡಬೇಡ” ಎಂದ ಡೈರೆಕ್ಟರ್. “ನಗಬೇಡ, ಹೆದರಬೇಡ. ಇನ್ನೂ ಏನೂ ಆಗಿಲ್ಲ ಅನ್ನೋ ಹಾಗೆ ಇರು, ಅಷ್ಟೇ.”

ಏನೂ ಆಗದ ಮುಖ ಹೇಗಿರುತ್ತದೆ ಎಂದು ಅವಳು ಹುಡುಕಿದಳು. ತನ್ನದು ಬೇಡ, ಅಕ್ಕನದು. ಕೊಳವೆ ಒಡೆದ ದಿನ ಬೆಳಿಗ್ಗೆ ಅಕ್ಕ ಬಾಗಿಲಲ್ಲಿ ನಿಂತು, ಬರ್ತೀನಿ ಕಣೇ ಎಂದಿದ್ದಳು. ದನಿ ನೆನಪಿತ್ತು, ಚಪ್ಪಲಿಯ ಸದ್ದು ನೆನಪಿತ್ತು. ಮುಖ ಇರಲಿಲ್ಲ. ಎಷ್ಟು ಕೆದಕಿದರೂ ಇರಲಿಲ್ಲ, ಏಕೆಂದರೆ ಆಗ ಅವಳು ಪುಸ್ತಕದಲ್ಲಿದ್ದಳು, ತಲೆ ಎತ್ತಿರಲಿಲ್ಲ. ಆ ಮುಖ ಬಾಗಿಲಲ್ಲಿ ನಿಂತ ಕೊನೆಯ ಬೆಳಗನ್ನು ಅವಳು ನೋಡಿರಲಿಲ್ಲ.

“ಸ್ವಲ್ಪ ಮುಖ ಎತ್ತಮ್ಮಾ” ಎಂದರು ಮೇಡಂ.

ಎತ್ತಿದಳು. ಕ್ಯಾಮೆರಾ ಕ್ಲಿಕ್ಕೆಂದಿತು, ಮತ್ತೆ ಕ್ಲಿಕ್ಕೆಂದಿತು. ಡೈರೆಕ್ಟರ್ ಪುಟ್ಟ ಪರದೆಯನ್ನು ನೋಡಿ ತಲೆಯಾಡಿಸಿದ. “ಇದಲ್ಲ ಕಣೆ. ಹೇಳಿದೆನಲ್ಲ, ಇನ್ನೂ ಏನೂ ಆಗಿಲ್ಲ.”

“ಆಗಿದೆ” ಎಂದಳು.

ಏನು ಎಂದು ಯಾರೂ ಕೇಳಲಿಲ್ಲ. ಡೈರೆಕ್ಟರ್ ದೀಪವನ್ನು ಸ್ವಲ್ಪ ಎಡಕ್ಕೆ ಸರಿಸಿದ.